ಮೂವತ್ತನೆಯ ಚೌಕ

ಆ ಮನೆಯಲ್ಲಿ ಮುಕ್ಕಾದ ಪಾತ್ರೆಯನ್ನು ಎಸೆಯುತ್ತಿರಲಿಲ್ಲ. ಅಂಚು ಹಾರಿದ ಬಟ್ಟಲು, ಬಿರುಕು ಬಿಟ್ಟ ತಟ್ಟೆ, ಹಿಡಿ ಕಳಚಿದ ಕಪ್ಪು ಎಲ್ಲವೂ ಅಡುಗೆಮನೆಯ ಮೇಲಿನ ಹಲಗೆಗೆ ಹೋಗಿ ವರ್ಷ ಮುಗಿಯುವವರೆಗೂ ಕೂತಿರಬೇಕು. ಹೊಸ ವರ್ಷದ ಮೊದಲ ಬೆಳಿಗ್ಗೆ ಬಾಗಿಲು ಮುಚ್ಚಿ, ಕಬ್ಬಿಣದ ಒಲೆಗೆ ಕೆಂಡ ತುಂಬಿ, ಕಂಬಳಿ ಹಾಸಿಕೊಂಡು ಎಲ್ಲರೂ ಸುತ್ತ ಕೂರುವರು. ಮುಕ್ಕು ಕಪ್ಪುಗಳಲ್ಲೇ ಕೊನೆಯ ಸಲ ಬಿಸಿ ಚಹಾ. ಆಮೇಲೆ ಒಂದೊಂದನ್ನೇ ಕೆಳಗಿಳಿಸಿ, ಅದು ಯಾರ ಕೈಯಲ್ಲಿದ್ದಾಗ ಒಡೆಯಿತೋ ಅವರು ಹೇಗೆ ಒಡೆಯಿತೆಂದು ಹೇಳಬೇಕು. ಹೇಳಿದ ಮೇಲೆ ಅದನ್ನು ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಚೂರು ಮಾಡುವುದು. ಬಣ್ಣಬಣ್ಣದ ಆ ಚೂರುಗಳನ್ನು ನೆಲದ ಒಂದು ಚೌಕದಲ್ಲಿ, ಹಸಿ ಸಿಮೆಂಟಿನಲ್ಲಿ ಕೂರಿಸುವುದು. ವರ್ಷಕ್ಕೊಂದು ಚೌಕ.

ಇದನ್ನು ಶುರು ಮಾಡಿದ್ದು ಈಗಿಲ್ಲದ ಮಾವ. ನೆಲ ಹಾಕುವುದರಲ್ಲಿ ಎತ್ತಿದ ಕೈ. ದೊಡ್ಡವರ ಬಂಗಲೆಗಳಿಗೆಲ್ಲ ಕನ್ನಡಿಯಂಥ ನೆಲ ಹಾಕಿಕೊಟ್ಟು, ತನ್ನ ಅಡುಗೆಮನೆಗೆ ಬರೀ ಗಾರೆ ಎಳೆದು ಮೂವತ್ತು ಚೌಕ ಗೀಚಿಟ್ಟಿದ್ದರು. ಹೇಳಬೇಕು, ಒಡೆಯಬೇಕು, ಮರೆಯಬೇಕು ಎನ್ನುತ್ತಿದ್ದರಂತೆ. ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದು ಆ ನೆಲ ನೋಡಿ ಹೊಗಳುವರು. ಇಂಥ ಚಂದದ ಅಭ್ಯಾಸ ಯಾರ ಮನೆಯಲ್ಲಿದೆ ಹೇಳಿ ಎನ್ನುವರು.

ಚಂದದ್ದೇ. ದೊಡ್ಡ ಸೊಸೆ ಆ ಮನೆಗೆ ಬಂದ ಮೊದಲ ವರ್ಷ ಅವಳಿಗೂ ಹಾಗೇ ಅನ್ನಿಸಿತ್ತು. ಆ ಬೆಳಿಗ್ಗೆ ಗಂಡನಷ್ಟು ಮೃದುವಾದ ಮನುಷ್ಯ ಇರಲಿಲ್ಲ. ಮಂಡಿಯೂರಿ ಕೂತು ಚೂರುಗಳ ಚೂಪು ಅಂಚನ್ನು ಕಲ್ಲಿಗೆ ಉಜ್ಜಿ, ನಿನ್ನ ಕಾಲಿಗೆ ಚುಚ್ಚಬಾರದಲ್ಲ ಎನ್ನುತ್ತ ಒಂದೊಂದನ್ನೇ ಒತ್ತುತ್ತಿದ್ದ. ಆ ಚೂರುಗಳು ಹಸಿರು ಅಂಚಿನ ತಟ್ಟೆಯವು. ತಟ್ಟೆ ಒಡೆದದ್ದು ಅವಳ ಕಿವಿಯ ಹಿಂದೆ. ಅವಳ ಸರದಿ ಬಂದಾಗ ಅತ್ತೆ ಒಲೆ ಕೆದಕುತ್ತ ಮೆಲ್ಲಗೆ ಹೇಳಿಕೊಟ್ಟಿದ್ದರು: "ಕೈ ಜಾರಿತು ಅನ್ನು."

ಅದು ಆ ಮನೆಯ ಮಾತು. ಊಟದ ಹೊತ್ತಿನಲ್ಲಿ ಕೈ ಮಾಡಿದರೆ ಮೊದಲು ಒಡೆಯುವುದು ತಟ್ಟೆ. ಚಹಾದ ಹೊತ್ತಿನಲ್ಲಾದರೆ ಕಪ್ಪು. ಹಲಗೆಯ ಮೇಲೆ ಎಷ್ಟು ಕೂತಿವೆ ಎಂದು ನೋಡಿದರೆ ಆ ವರ್ಷ ಹೇಗಿತ್ತೆಂದು ತಿಳಿಯುತ್ತಿತ್ತು. ಎಲ್ಲದಕ್ಕೂ ಒಂದೇ ಉತ್ತರ, ಕೈ ಜಾರಿತು. ಯಾರ ಕೈ ಎಂದು ಯಾರೂ ಕೇಳುತ್ತಿರಲಿಲ್ಲ. ಜಾರಿದ್ದು ಎಲ್ಲಿಗೆ ಎಂದೂ ಕೇಳುತ್ತಿರಲಿಲ್ಲ.

ಆರು ಚೌಕ ಅವಳವು. ಮದುವೆಯಾದ ಏಳನೆಯ ವರ್ಷ ಗಂಡ ಕಟ್ಟುತ್ತಿದ್ದ ಕಟ್ಟಡದ ನಾಲ್ಕನೇ ಮಹಡಿಯ ಸಾರುವೆ ಹಲಗೆಯಿಂದ ಕೆಳಗೆ ಬಿದ್ದು ತೀರಿಕೊಂಡ. ಅವಳು ಅಳಲಿಲ್ಲ. ದುಃಖ ಒಳಗೇ ಹೆಪ್ಪುಗಟ್ಟಿದೆ ಎಂದರು ನೆಂಟರು. ಒಳಗೆ ಏನು ಹೆಪ್ಪುಗಟ್ಟಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಹದಿನೈದನೆಯ ದಿನ ಕೆಲಸಕ್ಕೆ ಹೋದಳು.

ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕಿಟಕಿಯ ಹಿಂದೆ ಕೂತು ರಿಜಿಸ್ಟರ್ ಬರೆಯುವುದು ಅವಳ ಕೆಲಸ. ಹೆಸರು, ವಯಸ್ಸು, ಯಾವ ಮೂಳೆ, ಹೇಗಾಯಿತು. ಹೇಗಾಯಿತು ಎಂಬ ಅಂಕಣದಲ್ಲಿ ಹೆಂಗಸರೆಲ್ಲ ಜಾರಿ ಬೀಳುತ್ತಿದ್ದರು. ಬಚ್ಚಲಲ್ಲಿ, ಮೆಟ್ಟಿಲಲ್ಲಿ, ಏನೂ ಇಲ್ಲದ ಸಪಾಟು ನೆಲದಲ್ಲಿ. ಜಾರಿ ಬಿದ್ದ ಮೂಳೆ ಒಡೆಯುವ ರೀತಿ ಒಂದು, ತಿರುಚಿದ ಮೂಳೆಯದು ಇನ್ನೊಂದು. ಒಳಗೆ ಫೋಟೋ ತೆಗೆಯುವ ಬೊಕ್ಕತಲೆಯ ಟೆಕ್ನಿಷಿಯನ್ ಬೆಳಕಿಗೆ ಹಿಡಿದು ಅವಳಿಗೆ ತೋರಿಸಿಕೊಟ್ಟಿದ್ದ. ಬರೆಯುವುದು ಮಾತ್ರ ಹೇಳಿದ್ದನ್ನೇ. ಐದು ವರ್ಷದ ಹಿಂದಿನ ಒಂದು ಪುಟದಲ್ಲಿ ಅವಳದೇ ಹೆಸರಿದೆ, ಅವಳದೇ ಕೈಬರಹದಲ್ಲಿ. ಎಡಗಡೆ ಪಕ್ಕೆಲುಬು. ಜಾರಿ ಬಿದ್ದದ್ದು.

ಗಂಡ ಹೋದ ಮೇಲೆ ಸುತ್ತಿಗೆ ಮೈದುನನ ಕೈಗೆ ಬಂತು. ಅವನೂ ನೆಲ ಹಾಕುವವನೇ. ಜೊತೆಯ ಕೆಲಸದವರು ಅವನನ್ನು ರಸಮಟ್ಟ ಎಂದು ಕರೆಯುತ್ತಿದ್ದರು. ನೆಲ ಸಮವಾಗಿದೆಯೇ ಎಂದು ತಿಳಿಯಲು ಬೇರೆಯವರಿಗೆ ಗುಳ್ಳೆಯಿರುವ ಗಾಜಿನ ರಸಮಟ್ಟ ಬೇಕು, ಇವನಿಗೆ ಒಂದು ಕಣ್ಣು ಮುಚ್ಚಿದರೆ ಸಾಕು. ಕೆಲಸದ ಜಾಗದಲ್ಲಿ ದನಿ ಎತ್ತಿದವನಲ್ಲ. ಅವನಿಗೆ ಮದುವೆಯಾಗುವ ಮುಂಚಿನ ವರ್ಷ ಹಲಗೆಯ ಮೇಲೆ ಇದ್ದದ್ದು ಎರಡೇ ಕಪ್ಪು, ಎರಡೂ ನಿಜವಾಗಿ ಜಾರಿದವು. ಹತ್ತು ತಿಂಗಳ ಹಿಂದೆ ಚಿಕ್ಕ ಸೊಸೆ ಬಂದಳು. ಇಪ್ಪತ್ತೆರಡು ವಯಸ್ಸು, ಹಾಡಿಕೊಂಡೇ ಪಾತ್ರೆ ತೊಳೆಯುವವಳು. ಈ ವರ್ಷ ಹಲಗೆಯ ಮೇಲೆ ಒಂಬತ್ತು.

ಒಂಬತ್ತನೆಯದು ನೀಲಿ ಅಂಚಿನ ಬಟ್ಟಲು. ಅದು ಹಲಗೆ ಸೇರಿ ಮೂರು ದಿನವಾಗಿತ್ತು. ಮೂರು ದಿನದಿಂದ ಚಿಕ್ಕವಳು ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡೇ ಓಡಾಡುತ್ತಿದ್ದಳು. ಹಿಟ್ಟು ಕಲಸುವಾಗ ದೊಡ್ಡವಳು ಶಾಲು ಸರಿಸಿ ನೋಡಿದಳು. ಮಣಿಕಟ್ಟು ಬದನೆಕಾಯಿಯಂತೆ ಊದಿ ನೇರಳೆಯಾಗಿತ್ತು, ಕೈ ಸ್ವಲ್ಪ ಪಕ್ಕಕ್ಕೆ ವಾಲಿತ್ತು. ಒಡೆದಿದೆ ಎಂದು ಹೇಳಲು ಟೆಕ್ನಿಷಿಯನ್ ಬೇಕಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಎರಡು ಸಲ ಹೇಳಿದಳು. ಎರಡು ಸಲವೂ ಮೈದುನ ಬಾಗಿಲಿಗೆ ಅಡ್ಡ ನಿಂತ. ಉಳುಕಿಗೆಲ್ಲ ಫೋಟೋ ತೆಗೆಸಿ ಊರಿಗೆ ಹಂಚುತ್ತಾರಾ ಎಂದ. ಹೀಗೇ ಬಿಟ್ಟರೆ ಆ ಮೂಳೆ ವಕ್ರವಾಗಿ ಕೂಡಿಕೊಳ್ಳುತ್ತದೆ, ಆಮೇಲೆ ಆ ಕೈ ಒಂದು ಚೊಂಬು ನೀರೂ ಎತ್ತುವುದಿಲ್ಲ ಎಂದು ಅವಳು ಅತ್ತೆಗೆ ಹೇಳಿದಳು. ಅತ್ತೆ ತಮ್ಮ ಕೇಳದ ಬಲಗಿವಿಯನ್ನು ಅವಳತ್ತ ತಿರುಗಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದರು.

ಹೀಗೆ ಮೊದಲ ಬೆಳಿಗ್ಗೆ ಬಂತು. ಕೊನೆಯ ಚೌಕ, ಮೂವತ್ತನೆಯದು, ಹೊಸ್ತಿಲ ಪಕ್ಕದಲ್ಲಿತ್ತು. ಮೈದುನ ಹಿಂದಿನ ದಿನವೇ ಹಳೇ ಗಾರೆ ಕೆತ್ತಿ ಗುಳಿ ಮಾಡಿಟ್ಟಿದ್ದ. ಬೆಳಿಗ್ಗೆ ಬಾಣಲೆಯಲ್ಲಿ ಸಿಮೆಂಟು ಕಲಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಇವತ್ತಿಗೆ ಅಪ್ಪನ ನೆಲ ಪೂರ್ತಿಯಾಯಿತು ಎಂದು ಕೈ ಉಜ್ಜಿಕೊಂಡ. ಕೆಂಡ ಚೆನ್ನಾಗಿ ಹಿಡಿದಿತ್ತು. ಕಿಟಕಿಯ ಗಾಜಿನ ಮೇಲೆ ಹಬೆ. ಚಹಾದ ಪರಿಮಳ, ಮಡಿಲ ಮೇಲೆ ಕಂಬಳಿ. ಹೊರಗಿನಿಂದ ಯಾರಾದರೂ ಇಣುಕಿದ್ದರೆ ಹೊಟ್ಟೆಕಿಚ್ಚು ಪಡಬೇಕು, ಹಾಗಿತ್ತು.

ಎಂಟು ಪಾತ್ರೆ ಎಂಟು ಸಲ ಕೈ ಜಾರಿ ಗೋಣಿಗೆ ಹೋದವು. ಮೈದುನ ಪ್ರತಿಯೊಂದಕ್ಕೂ ಅಳೆದಂತೆ ಎರಡೇ ಏಟು ಹಾಕುತ್ತಿದ್ದ. ಒಂಬತ್ತನೆಯದನ್ನು ಅತ್ತೆ ಚಿಕ್ಕವಳ ಮುಂದೆ ಇಟ್ಟರು. ಅವಳು ಎಡಗೈಯಲ್ಲಿ ತೆಗೆದುಕೊಂಡಳು.

"ಕೈ ಜಾರಿತು," ಎಂದಳು.

"ಯಾರ ಕೈ?"

ಕೇಳಿದ್ದು ತಾನೇ ಎಂದು ದೊಡ್ಡವಳಿಗೆ ತಿಳಿದದ್ದು ಎಲ್ಲರೂ ತನ್ನ ಕಡೆ ತಿರುಗಿದಾಗ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಅಡುಗೆಮನೆಯಲ್ಲಿ ಯಾರೂ ಕೇಳದ ಮಾತು. ಅತ್ತೆಯ ಕೈಯ ಇಕ್ಕಳ ಕೆಂಡದ ಮೇಲೆ ನಿಂತಿತು.

ಮೈದುನ ನಕ್ಕ. "ಅತ್ತಿಗೆ ಆಸ್ಪತ್ರೆ ರಿಜಿಸ್ಟರ್ ಮನೆಗೇ ಹೊತ್ಕೊಂಡು ಬಂದಿದ್ದಾರೆ. ವರ್ಷದ ಮೊದಲನೇ ದಿನಾನೂ ರಜ ಇಲ್ಲ ಪಾಪ."

ಅವಳು ನಗಲಿಲ್ಲ. ಈಗಲೇ ಇವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು, ಸ್ವೆಟರ್ ತಗೋ ಎಂದು ಚಿಕ್ಕವಳಿಗೆ ಹೇಳಿದಳು. ಚಿಕ್ಕವಳು ಏಳಲು ಹೋದಳು. ಮೈದುನ ಕೂತಲ್ಲಿಂದಲೇ ಕೈ ಚಾಚಿ ಅವಳ ಬಲಗೈ ಹಿಡಿದ, ಊದಿದ ಕಡೆಯೇ ಹಿಡಿದ.

"ಏನಾಗಿದೆ ಇದಕ್ಕೆ? ನೋಡಿ, ತಿರುಗುತ್ತೆ. ಹೀಗೂ ತಿರುಗುತ್ತೆ, ಹೀಗೂ ತಿರುಗುತ್ತೆ."

ಒಳಗೆ ಮರಳು ಉಜ್ಜಿದಂಥ ಸದ್ದು ಬಂತು. ಚಿಕ್ಕವಳು ಬಾಯಿ ತೆರೆಯಲಿಲ್ಲ. ದನಿ ಮೂಗಿನಿಂದ ಬಂತು, ಬಟ್ಟಲು ಮಡಿಲಲ್ಲಿ ಉರುಳಿತು. ದೊಡ್ಡವಳು ಎದ್ದು ಅವನ ಬೆರಳುಗಳನ್ನು ಬಿಡಿಸಲು ಎಳೆದಳು. ಅವನು ಮೊಣಕೈ ಬೀಸಿದ. ಅವಳ ಹಣೆ ಒಲೆಯ ಅಂಚಿಗೆ ಹೋಗಿ ಹೊಡೆಯಿತು. ಚುರ್ ಎಂದಿತು, ಕೂದಲು ಸುಟ್ಟ ವಾಸನೆ ಬಂತು, ಬಲಗಣ್ಣಿಗೆ ರಕ್ತ ಇಳಿಯಿತು. ನೋವು ಯಾರದೋ ಎಂಬಂತೆ ದೂರದಲ್ಲಿತ್ತು. ಅವಳು ಮಂಡಿಯೂರಿಕೊಂಡೇ ಕಣ್ಣು ಒರೆಸಿಕೊಂಡಳು.

"ಯಾರ ಕೈ ಅಂತ ಕೇಳಿದ್ರಲ್ಲ?" ಮೈದುನ ಹೆಂಡತಿಯ ಕೈ ಬಿಟ್ಟು ತನ್ನ ಬಲಗೈಯನ್ನು ಅತ್ತಿಗೆಯ ಎದುರಿಗೆ, ಗೋಣಿಯ ಮೇಲೆ ಪಟ್ ಎಂದು ಬಡಿದು ಬೆರಳು ಅಗಲಿಸಿ ಇಟ್ಟ. "ಈ ಕೈ. ಸರಿಯಾಗಿ ನೋಡ್ಕೊಳ್ಳಿ. ಏನೀಗ?"

ಸುತ್ತಿಗೆ ಗೋಣಿಯ ಪಕ್ಕದಲ್ಲೇ ಇತ್ತು. ಅವಳು ಅದನ್ನು ಎತ್ತಿ ಹೊಡೆದಳು.

ಮೊದಲ ಏಟಿಗೆ ಅವನಿಗೆ ಅರ್ಥವಾಗಲಿಲ್ಲ, ಕೈ ಎಳೆದುಕೊಳ್ಳುವುದನ್ನೂ ಮರೆತು ಅವಳ ಮುಖ ನೋಡಿದ. ಅವಳಿಗೆ ಎಲ್ಲ ನಿಚ್ಚಳವಾಗಿತ್ತು. ತೋರುಬೆರಳಿನ ಬುಡದಿಂದ ಮಣಿಕಟ್ಟಿಗೆ ಹೋಗುವ ಮೂಳೆ ಅದು, ಬೆಳಕಿಗೆ ಹಿಡಿದರೆ ಬೆಳ್ಳಗೆ ಕಾಣುವುದು. ಅದರ ಪಕ್ಕದ್ದು ಇನ್ನೂ ಇತ್ತು. ಎರಡನೆಯ ಏಟು ಅದಕ್ಕೆ ಹಾಕಿದಳು. ಗೋಣಿಯೊಳಗಿನ ಚೂರುಗಳು ಅವನ ಅಂಗೈಗೆ ಇಳಿದವು. ಆಗ ಅವನು ಕೂಗಿದ. ಒದ್ದಾಡಿದ ಕಾಲಿಗೆ ತಾಗಿ ಸಿಮೆಂಟಿನ ಬಾಣಲೆ ಮಗುಚಿತು, ಕಂಬಳಿಯ ಮೇಲೆ ವಾಂತಿ ಮಾಡಿಕೊಂಡ. ಸುತ್ತಿಗೆ ಮತ್ತೆ ಮೇಲಕ್ಕೆ ಹೋಗಿತ್ತು.

ಅತ್ತೆ ಅವಳ ಮೊಣಕೈ ಹಿಡಿದುಕೊಂಡರು.

"ಮೂರನೇದು ಬೇಡ," ಎಂದರು.

ಬಾಡಿಗೆ ಗಾಡಿಯಲ್ಲಿ ನಾಲ್ವರೂ ಒತ್ತಿಕೊಂಡು ಕೂತರು. ಮೈದುನನ ಕೈಯನ್ನು ಅತ್ತೆ ತಮ್ಮ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ಅವನು ದಾರಿಯುದ್ದಕ್ಕೂ ಅತ್ತಿಗೆಯನ್ನು ಕೊಲ್ಲುತ್ತೇನೆ ಎನ್ನುತ್ತಿದ್ದ, ನಡುನಡುವೆ ಅಮ್ಮಾ ಎನ್ನುತ್ತಿದ್ದ. ಚಿಕ್ಕವಳು ಮುಂದಿನ ಸೀಟಿನಲ್ಲಿ, ಚಾಲಕನ ಪಕ್ಕ ಕೂತು ಕಿಟಕಿಯಾಚೆ ನೋಡುತ್ತಿದ್ದಳು.

ರಜೆಯ ದಿನ, ಎಕ್ಸ್-ರೇ ವಿಭಾಗದಲ್ಲಿ ಬೊಕ್ಕತಲೆಯ ಟೆಕ್ನಿಷಿಯನ್ ಒಬ್ಬನೇ ಇದ್ದ. ದೊಡ್ಡವಳ ಹಣೆ ನೋಡಿದ, ಮೈದುನನ ಕೈ ನೋಡಿದ, ಏನೂ ಕೇಳದೆ ರಿಜಿಸ್ಟರ್ ತೆರೆದ. ಹೆಸರು, ವಯಸ್ಸು ಬರೆದುಕೊಂಡ. ಹೇಗಾಯಿತು ಎಂದ.

"ಕೈ ಜಾರಿತು," ಎಂದರು ಅತ್ತೆ.

ಯಾರಿಗಾಗಿ ಹೇಳಿದರೋ. ಗಂಡನಿಗಾಗಿ ಹೇಳಿದ್ದರು, ಇಬ್ಬರು ಮಕ್ಕಳಿಗಾಗಿ ಹೇಳಿದ್ದರು. ಈ ಸಲ ದೊಡ್ಡ ಸೊಸೆಯ ಕಡೆ ನೋಡಿಕೊಂಡು ಹೇಳಿದರು. ಅಷ್ಟಕ್ಕೆ ಬಿಟ್ಟಿದ್ದರೆ ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ಆ ಅಂಕಣದಲ್ಲಿ ಒಂದು ಸುಳ್ಳು ಬಿದ್ದರೆ ಅದರ ಕೆಳಗಿನ ಸಾಲಿಗೂ ಅದೇ ಬೀಳುತ್ತದೆ. ಆ ರಿಜಿಸ್ಟರನ್ನು ಎಂಟು ವರ್ಷದಿಂದ ಬರೆಯುತ್ತ ಬಂದವಳು ದೊಡ್ಡವಳೇ.

"ಬೇಡ ಅತ್ತೆ," ಎಂದು ಅವಳು ಪೆನ್ನು ಕೇಳಿದಳು.

ಟೆಕ್ನಿಷಿಯನ್ ಕೂಡಲೇ ಕೊಡಲಿಲ್ಲ. "ಯೋಚನೆ ಮಾಡಿ ಮೇಡಂ. ಇದು ನಾಳೆ ಪೊಲೀಸರ ಕೈಗೆ ಹೋಗೋ ಪುಟ. ನಿಮ್ಮ ಕೆಲಸ ಇಲ್ಲೇ ಇದೆ."

ಅವಳು ಬರೆದಳು. ಸುತ್ತಿಗೆಯಿಂದ ಹೊಡೆದದ್ದು, ಎರಡು ಏಟು. ಹೊಡೆದವಳು ಅತ್ತಿಗೆ. ತನ್ನ ಹೆಸರನ್ನೂ ಬರೆದಳು. ಆಮೇಲೆ ರಿಜಿಸ್ಟರನ್ನು ಚಿಕ್ಕವಳ ಕಡೆ ತಿರುಗಿಸಿ ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು. ಬೆಂಚಿನ ಮೇಲಿಂದ ಮೈದುನ, ಬರೆದರೆ ನೋಡು ಎಂದ. ಚಿಕ್ಕವಳು ಅವನ ಕೈ ನೋಡಿದಳು. ಅದು ಅಮ್ಮನ ಸೆರಗಿನಲ್ಲಿ ಮಗುವಿನಂತೆ ಮಲಗಿತ್ತು. ಎಡಗೈಯಲ್ಲಿ ಪೆನ್ನು ಹಿಡಿದಳು. ಅಕ್ಷರಗಳು ಒಂದೊಂದು ದಿಕ್ಕಿಗೆ ಬಿದ್ದವು, ಪಕ್ಕದ ಅಂಕಣಕ್ಕೂ ಹರಿದವು. ಗಂಡ ತಿರುಚಿದ್ದು. ಮತ್ತೆ ಇವತ್ತೂ.

ಚಿಕ್ಕವಳ ಕೈಯ ಫೋಟೋ ಬಂದಾಗ ಟೆಕ್ನಿಷಿಯನ್ ಬೆಳಕಿಗೆ ಹಿಡಿದು ತುಟಿ ಕಚ್ಚಿಕೊಂಡ. ಮೂಳೆಯ ಸುತ್ತ ಬಳ್ಳಿ ಸುತ್ತಿದಂತೆ ಗೆರೆ ಹೋಗಿತ್ತು.

ಮೈದುನನನ್ನು ಆಪರೇಷನ್ನಿಗೆಂದು ಉಳಿಸಿಕೊಂಡರು. ಮೂವರು ಹೆಂಗಸರು ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಚಿಕ್ಕವಳ ಕೈ ಪಟ್ಟಿಯಲ್ಲಿತ್ತು, ದೊಡ್ಡವಳ ಹಣೆಗೆ ಐದು ಹೊಲಿಗೆ. ಒಲೆ ಇನ್ನೂ ಬೆಚ್ಚಗಿತ್ತು. ಚೆಲ್ಲಿದ ಸಿಮೆಂಟು ಕಂಬಳಿಯ ಮೂಲೆಯನ್ನು ನೆಲಕ್ಕೆ ಕಚ್ಚಿ ಹಿಡಿದು ಗಟ್ಟಿಯಾಗಿತ್ತು. ಮೂವತ್ತನೆಯ ಚೌಕ ಬರೀ ಗುಳಿ. ನೀಲಿ ಅಂಚಿನ ಬಟ್ಟಲು ಉರುಳಿ ಹೋಗಿ ಗೋಡೆಗೆ ಒರಗಿ ಕೂತಿತ್ತು, ಹೊಸ ಮುಕ್ಕು ಒಂದೂ ಇರಲಿಲ್ಲ.

ಅತ್ತೆ ಕಂಬಳಿ ಕೀಳಲು ನೋಡಿ ಕೈಬಿಟ್ಟರು. ಚಹಾಕ್ಕೆ ನೀರಿಟ್ಟರು. ನೀರು ಕುದಿಯುವವರೆಗೆ ನೆಲ ನೋಡುತ್ತ ನಿಂತಿದ್ದವರು ಎರಡನೆಯ ಸಾಲಿನ ಒಂದು ಚೌಕಕ್ಕೆ ಕಾಲಿನ ಹೆಬ್ಬೆರಳು ತಾಗಿಸಿದರು. ಬಿಳಿಯ ಮೇಲೆ ಗುಲಾಬಿ ಹೂವಿನ ಚೂರುಗಳು ಅಲ್ಲಿದ್ದವು.

"ನನ್ನ ಕಿವಿ ಇಲ್ಲಿದೆ," ಎಂದರು. "ಹಾಲಿನ ಜಗ್ಗು. ನಿಮ್ಮ ಮಾವನ ಕೈ."

ಅವರು ಪಕ್ಕದ ಚೌಕಕ್ಕೆ ಸರಿದು ಇನ್ನೊಂದು ಹೇಳಿದರು. ಅದರ ಪಕ್ಕದ್ದು ಹೇಳಿದರು. ಕೆಲವನ್ನು ದಾಟಿ ಹೋದರು. ಒಂದರ ಮೇಲೆ ನಿಂತು, ಇದು ಮಾತ್ರ ನಿಜವಾಗಿ ಕೈ ಜಾರಿದ್ದು ಕಣೆ, ಬೆಕ್ಕು ಅಡ್ಡ ಬಂತು ಎಂದು ನಕ್ಕೂಬಿಟ್ಟರು. ಚಿಕ್ಕವಳು ಎಡಗೈಯಲ್ಲಿ ನೀಲಿ ಬಟ್ಟಲಿಗೆ ಚಹಾ ಬಗ್ಗಿಸಿಕೊಂಡು, ಮುಕ್ಕಿಲ್ಲದ ಕಡೆ ತುಟಿಯಿಟ್ಟು ಕುಡಿಯುತ್ತ ಕೇಳುತ್ತಿದ್ದಳು. ನಾಲ್ಕನೆಯ ಸಾಲಿನ ನಡುವೆ ಅತ್ತೆ ನಿಂತರು.

"ಇಲ್ಲಿಂದ ನಿನ್ನವು," ಎಂದರು. "ನೀನೇ ಹೇಳು."

ದೊಡ್ಡವಳು ಆ ಚೌಕದ ಮುಂದೆ ಕೂತಳು. ಅಂಚು ಉಜ್ಜಿ ನಯ ಮಾಡಿದ ಚೂರುಗಳು, ಎಷ್ಟು ಒತ್ತಿದರೂ ಚುಚ್ಚುವುದಿಲ್ಲ. ಅವುಗಳ ಮೇಲೆ ಅಂಗೈ ಇಟ್ಟಳು. ಹಣೆಯ ಹೊಲಿಗೆ ಆಗ ನೋಯತೊಡಗಿತು, ಬೆಳಗಿನಿಂದ ಮೊದಲ ಸಲ.

"ಹಸಿರು ಅಂಚಿನ ತಟ್ಟೆ," ಎಂದಳು. "ಅವರ ಕೈ."