ಒಳಗೆ ಹೋಗಬೇಡಿ

ಹೇಮಾ ಶಿಗ್ಗಾಂವದ ಅಗ್ನಿಶಾಮಕ ಠಾಣೆಗೆ ಅಧಿಕಾರಿಯಾಗಿ ಬಂದು ನಲವತ್ತು ದಿನವಾಗಿತ್ತು. ಅದೇ ಹೊತ್ತಿಗೆ ಠಾಣೆಗೆ ಹೊಸ ಟ್ಯಾಬ್ ಬಂದಿತ್ತು. ಬೆಂಕಿ ಬಿದ್ದ ಕಟ್ಟಡದ ವಿವರ ತುಂಬಿದರೆ ಒಳಗೆ ಹೋಗಬಹುದೋ ಇಲ್ಲವೋ ಎಂದು ಅದು ಹೇಳುತ್ತಿತ್ತು. ಹೊಸಬರಿಗೆ ಇದೇ ಆಸರೆ ಎಂದು ತರಬೇತಿಯಲ್ಲಿ ಹೇಳಿದ್ದರು. ಇಪ್ಪತ್ತಾರು ವರ್ಷ ಬೆಂಕಿ ಆರಿಸಿದ್ದ ಮೈಲಾರಿ ಅದನ್ನೊಮ್ಮೆ ತಿರುಗಿಸಿ ನೋಡಿ ವಾಪಸು ಕೊಟ್ಟಿದ್ದ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಸವಣೂರು ರಸ್ತೆಯ ಗೋವಿನಜೋಳದ ಗೋದಾಮಿಗೆ ಬೆಂಕಿ ಬಿತ್ತು. ಇವರ ಗಾಡಿ ಮುಟ್ಟುವಷ್ಟರಲ್ಲಿ ಬಾಗಿಲ ಬದಿಯ ಚೀಲಗಳು ಹೊತ್ತಿಕೊಂಡಿದ್ದವು. ಚೀಲ ಹೊಲಿಯುವ ಶಾರವ್ವ ಹಿಂದಿನ ಕೋಣೆಯಲ್ಲಿ ಸಿಕ್ಕಿಕೊಂಡಿದ್ದಾಳೆಂದು ಹಮಾಲ ಫಕ್ಕೀರೇಶ ಓಡಿಬಂದು ಹೇಳಿದ. ಆ ಕೋಣೆಗೆ ಕಿಟಕಿಯಿರಲಿಲ್ಲ, ಗೋದಾಮಿನೊಳಗಿಂದಲೇ ದಾರಿ. ಅವಳು ಕೂಗುತ್ತಿದ್ದುದು ರಸ್ತೆಗೆ ಕೇಳುತ್ತಿತ್ತು.

ಹೇಮಾ ತಲೆಯೆತ್ತಿದಾಗ ಕಂಡದ್ದು ತಗಡು. ಕಬ್ಬಿಣದ ಚೌಕಟ್ಟು, ತಗಡಿನ ಚಾವಣಿ ಎಂದು ಟ್ಯಾಬಿನಲ್ಲಿ ಒತ್ತಿದಳು. ಪರದೆ ಕೆಂಪಾಯಿತು. ಒಳಗೆ ಹೋಗಬೇಡಿ, ಆರು ನಿಮಿಷದೊಳಗೆ ಚಾವಣಿ ಕುಸಿಯುವ ಸಂಭವವಿದೆ.

ಮೈಲಾರಿ ಆಗಲೇ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡಿದ್ದ.

"ಮ್ಯಾಡಂ, ತಗಡಿನ ಕೆಳಗ ಹಳೇ ಸಾಗವಾನಿ ತೊಲಿ ಅದಾವ್ರಿ. ಹೋದ ವರ್ಷ ಒಳಗ ಹೋಗಿ ನೋಡೇನಿ. ಕಬ್ಬಿಣ ಲಗೂನ ಬಾಗತೈತಿ, ದಪ್ಪ ಕಟ್ಟಿಗಿ ತಡೀತೈತಿ. ಹೋಗಿ ಕರ್ಕೊಂಡು ಬರ್ತೇನ್ರಿ."

ಹೇಮಾ ಟ್ಯಾಬಿನ ಪಟ್ಟಿಯಲ್ಲಿ ಸಾಗವಾನಿ ತೊಲೆಯನ್ನು ಹುಡುಕಿದಳು. ಇರಲಿಲ್ಲ. ಕೆಂಪು ಪರದೆಯನ್ನು ಮೀರಿ ಕಳಿಸಿ, ಇವನ ಮೇಲೆ ಚಾವಣಿ ಬಿದ್ದರೆ?

"ಬ್ಯಾಡ್ರಿ," ಎಂದಳು. "ಹೊರಗಿಂದನ ನೀರು ಹೊಡೀರಿ."

ಮೈಲಾರಿ ಸಿಲಿಂಡರ್ ಬಿಚ್ಚಿಟ್ಟು ಪೈಪು ಹಿಡಿದ. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಬೆಂಕಿ ಹತೋಟಿಗೆ ಬರಲು ಹದಿನೆಂಟು ನಿಮಿಷ ಬೇಕಾಯಿತು. ಚಾವಣಿ ಬಿದ್ದಿರಲಿಲ್ಲ. ಶಾರವ್ವನ ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ. ಹೊಗೆ ಅವಳನ್ನು ಕೊಂದಿತ್ತು.

ವಿಚಾರಣೆಗೆ ಬಂದ ಅಧಿಕಾರಿ ಟ್ಯಾಬಿನ ದಾಖಲೆ ಓದಿ, ಸೂಚನೆ ಪಾಲಿಸಿದ್ದೀರಿ, ನಿಮ್ಮ ತಪ್ಪೇನಿಲ್ಲ ಎಂದರು. ಮೈಲಾರಿಯ ಮಾತು ಆ ದಾಖಲೆಯಲ್ಲಿರಲಿಲ್ಲ. ಅದನ್ನು ಬರೆದುಕೊಡುತ್ತೇನೆಂದು ಹೇಮಾ ಹೇಳಿದಾಗ ಮೈಲಾರಿಯೇ ಅವಳನ್ನು ವರಾಂಡಕ್ಕೆ ಕರೆದ.

"ಬರೀಬ್ಯಾಡ್ರಿ. ನನ್ನ ಅಂದಾಜೂ ಎರಡು ಸಲ ತಪ್ಪೈತಿ. ಅದರಾಗ ಒಂದು ಸಲ ನಮ್ಮ ಠಾಣೇದ ಹುಡುಗ ಒಬ್ಬಾಂವ ಸತ್ತಾನ."

ಅವಳು ಬರೆದಳು. ತಿಂಗಳೊಳಗೆ ನೋಟೀಸು ಬಂತು: ಕಟ್ಟಡದ ವಿವರ ತಪ್ಪಾಗಿ ತುಂಬಿದ್ದಕ್ಕೆ ಕಾರಣ ಕೇಳಿ. ಅದರ ಹಿಂದೆಯೇ ವರ್ಗಾವಣೆಯ ಆದೇಶ.

ಹೊರಡುವ ಮುಂಚೆ ಶಾರವ್ವನ ಊರು ಹಂಸಭಾವಿಗೆ ಹೋಗಿ ಅವಳ ಮಗಳು ಪೂಜಾಳನ್ನು ಕಂಡು, ನಡೆದದ್ದನ್ನೆಲ್ಲ ಹೇಳಿದಳು. ತಾನು ತಡೆದದ್ದನ್ನೂ ಹೇಳಿದಳು. ಪೂಜಾ ಕೊನೆಯತನಕ ಕೇಳಿಸಿಕೊಂಡಳು.

"ಇನ್ನ ಹೋಗ್ರಿ ಅಕ್ಕಾರ," ಎಂದಳು. "ಅಪ್ಪ ಹೊಲದಿಂದ ಬರೋ ಹೊತ್ತಾತು. ಅವಂಗ ಇದನ್ನ ಹೇಳಬ್ಯಾಡ್ರಿ."

ಹೇಮಾ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.