ಐತಾಳರ ನಾಲ್ಕು ಮಾತು

ವಿಠ್ಠಲ ಐತಾಳರು ಹದಿನಾಲ್ಕು ವರ್ಷಗಳಲ್ಲಿ ಹತ್ತೊಂಬತ್ತು ಗುಜರಾತಿ ಸಿನಿಮಾಗಳಲ್ಲಿ ಮುಖ ತೋರಿಸಿದ್ದರು. ತಲೆಯಲ್ಲಾಡಿಸುವ ಡಾಕ್ಟರು, ಸುತ್ತಿಗೆ ಬಡಿಯುವ ನ್ಯಾಯಾಧೀಶರು, ಮದುವೆಮನೆಯ ಪುರೋಹಿತರು, ಎಲ್ಲವೂ ಆಗಿತ್ತು. ಮುಂಬಯಿಯ ಕಂಪನಿಯವರು ಅಹಮದಾಬಾದಿಗೋ ವಡೋದರಕ್ಕೋ ಚಿತ್ರೀಕರಣಕ್ಕೆ ಬಂದರೆ ಸಾಕು, ನವರಂಗಪುರದ ತಮ್ಮ ಹೋಟೆಲಿನ ಗಲ್ಲಾ ತಮ್ಮನಿಗೆ ಒಪ್ಪಿಸಿ ಹೊರಟುಬಿಡುವರು. ಮುಖವೇನೋ ಅವರದೇ. ದನಿ ಮಾತ್ರ ಬೇರೆಯವರದು. ನಿಮ್ಮ ಗುಜರಾತಿಯಲ್ಲಿ ದಕ್ಷಿಣದ ರಾಗವಿದೆ ಎಂದು ಪ್ರತಿ ಸಲವೂ ಸ್ಟುಡಿಯೋದಲ್ಲಿ ಇನ್ನಾರದೋ ದನಿ ಅಂಟಿಸುತ್ತಿದ್ದರು.

ಆ ರಾಗ ಕಳೆದುಕೊಳ್ಳಲು ಐತಾಳರು ಪಟ್ಟ ಪಾಡು ಅಷ್ಟಿಷ್ಟಲ್ಲ. ದಿನಾ ಬೆಳಿಗ್ಗೆ ಗುಜರಾತಿ ಪತ್ರಿಕೆ ಗಟ್ಟಿಯಾಗಿ ಓದುವರು. ಚಹಾಕ್ಕೆ ಬರುವ ನಿವೃತ್ತ ಮೇಷ್ಟ್ರು ತಪ್ಪು ತಿದ್ದುವರು. ಐವತ್ತೆರಡರ ವಯಸ್ಸಿಗೆ ಸಾಕಾಗಿಹೋಗಿತ್ತು ಅವರಿಗೆ.

ಸಾವಿರದ ಒಂಬೈನೂರ ಅರವತ್ತೇಳನೆಯ ಇಸವಿಯಲ್ಲಿ ಒಂದು ಪಾತ್ರ ಬಂತು: ಮದ್ರಾಸಿ ಹೋಟೆಲಿನ ಯಜಮಾನ, ನಾಲ್ಕು ಮಾತು. “ಈ ಸಲ ದನಿಯೂ ನಿಮ್ಮದೇ,” ಎಂದ ಕಂಪನಿಯವನು.

ಹೆಂಡತಿ ಪದ್ಮಾವತಿಗೆ ಹಿಗ್ಗೋ ಹಿಗ್ಗು. ಪೊರೆಯ ಆಪರೇಷನ್ ಕೈಕೊಟ್ಟ ಮೇಲೆ ಆಕೆಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದು. ಗಂಡನ ಸಿನಿಮಾಕ್ಕೆ ಹೋಗುವುದನ್ನೇ ಬಿಟ್ಟಿದ್ದಳು. “ನಾನೂ ಬರ್ತೇನೆ. ಮುಖ ಕಾಣದಿದ್ರೆ ಎಂತ, ಸ್ವರ ಕೇಳ್ತದಲ್ಲ? ನೀವು ಮೊದಲೇ ಹೇಳ್ಬೇಡಿ, ನಾನೇ ಗುರ್ತು ಹಿಡೀತೇನೆ.”

ವಡೋದರದಲ್ಲಿ ಕ್ಯಾಮೆರಾದೆದುರು ಐತಾಳರು ನಾಲ್ಕು ಮಾತನ್ನೂ ಅಚ್ಚ ಗುಜರಾತಿಯಲ್ಲಿ, ಒಂದಕ್ಷರ ಕುಂದಿಲ್ಲದಂತೆ ಆಡಿದರು. ಮೇಷ್ಟ್ರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ನಿರ್ದೇಶಕ ಹಣೆ ಚಚ್ಚಿಕೊಂಡ. “ಅರೆ ಕಾಕಾ, ಮದ್ರಾಸಿ ಹಾಗೆ ಮಾತಾಡಿ!”

ಐತಾಳರು ಕಕ್ಕಾಬಿಕ್ಕಿಯಾದರು. ಹದಿನಾಲ್ಕು ವರ್ಷ ಉಜ್ಜಿ ಉಜ್ಜಿ ತೆಗೆದ ರಾಗ ಈಗ ಕರೆದರೆ ಬರುತ್ತದೆಯೇ? ಮೂರನೆಯ ಸಲಕ್ಕೆ ನಿರ್ದೇಶಕ, ಸಾಕು, ನಡೆಯುತ್ತದೆ ಎಂದು ಕೈಬೀಸಿದ. ಪಾಪ, ಐತಾಳರು ಅದನ್ನು ಮೆಚ್ಚುಗೆ ಎಂದುಕೊಂಡು ರೈಲು ಹತ್ತಿದರು.

ಚಿತ್ರ ಅಹಮದಾಬಾದಿಗೆ ಬಂದ ವಾರ ಗಂಡ ಹೆಂಡತಿ ಮಧ್ಯಾಹ್ನದ ಆಟಕ್ಕೆ ಹೋದರು. ಪದ್ಮಾವತಿ ಪರದೆಯ ಕಡೆಗೆ ಕಿವಿಗೊಟ್ಟು ಕೂತಳು. ಪರದೆಯ ಮೇಲೆ ಐತಾಳರು ಬಂದರು, ಬಾಯಿ ತೆರೆದರು. “ಅಯ್ಯಯ್ಯಯ್ಯೋ!” ಎಂದು ಮೂಗಿನಲ್ಲಿ ಕಿರುಚುವ ಯಾವನದೋ ದನಿ ಹೊರಬಿತ್ತು. ನಾಲ್ಕು ಮಾತಿಗೆ ನಾಲ್ಕು ಸಲ ಅಯ್ಯಯ್ಯೋ. ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಪದ್ಮಾವತಿಯೂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಅರ್ಧ ಗಂಟೆ ಕಳೆದ ಮೇಲೆ ಅವಳು ಅವರ ತೋಳು ಹಿಡಿದಳು. “ನೀವು ಬರುದು ಇನ್ನೆಷ್ಟು ಹೊತ್ತಿಗೆ ಮಾರಾಯ್ರೆ?”

“ನನ್ನದನ್ನು ತೆಗ್ದು ಹಾಕಿದ್ದಾರೆ ಕಾಣ್ತದೆ.”

“ಛೆ! ಆ ಕೋಡಂಗಿಯನ್ನು ಇಟ್ಕೊಂಡು ನಿಮ್ಮನ್ನು ತೆಗೆದ್ರಾ? ಯಾರವ?”

“ಯಾರೋ,” ಎಂದರು ಐತಾಳರು. “ನಮ್ಮ ಕಡೆಯವನಲ್ಲ.”