ಮಗಳ ಪರ ಸಾಕ್ಷಿ

ಸೈಕಲ್ ರಿಪೇರಿ ಮಾಡುತ್ತಾ ಕೂತವನಿಗೆ ಮಾತಿನ ಚಪಲ ಜಾಸ್ತಿ. ಪಂಕ್ಚರ್ ಹಾಕಿಸಲು ಬಂದವರು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಸಾಫ್ಟ್‌ವೇರ್ ಬರೆಯುವ ನನ್ನ ಮಗಳು ಮ್ಯಾನೇಜರ್ ಆಗಿದ್ದಾಳೆ, ಅವಳ ಕೈಕೆಳಗೆ ಹನ್ನೆರಡು ಜನ ಎಂದು ಎರಡು ವರ್ಷ ಜಂಬ ಕೊಚ್ಚಿಕೊಂಡೆ. ಮ್ಯಾನೇಜರ್ ಅನ್ನುವುದು ಕಂಪನಿಯ ಪತ್ರದಲ್ಲಿತ್ತು. ಹನ್ನೆರಡು ಜನ ನನ್ನ ಸ್ವಂತ ಸೇರ್ಪಡೆ.

ಆ ಹೆಸರು ಬಂದಮೇಲೆ ಸಂಬಳ ಏರಲಿಲ್ಲ, ಓವರ್‌ಟೈಮ್ ದುಡ್ಡು ಮಾತ್ರ ನಿಂತಿತು. ಮ್ಯಾನೇಜರ್‌ಗಳಿಗೆ ಓವರ್‌ಟೈಮ್ ಇಲ್ಲವೆಂದು ಕಾನೂನೇ ಹೇಳುತ್ತದಂತೆ. ಕೆಲಸ ಮೊದಲಿನದೇ, ಹೊತ್ತು ಮಾತ್ರ ಹೆಚ್ಚು. ಮಗಳು ಸೊರಗಿ ಕಡ್ಡಿಯಾದಳು. ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ಕೊನೆಗೆ ಕೆಲಸ ಬಿಟ್ಟು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ತಾನು ಹೆಸರಿಗಷ್ಟೇ ಮ್ಯಾನೇಜರ್, ತನ್ನ ಕೈಕೆಳಗೆ ಒಬ್ಬರೂ ಇರಲಿಲ್ಲ, ಎರಡು ವರ್ಷದ ಓವರ್‌ಟೈಮ್ ಕೊಡಿಸಿ ಎಂದು. ಸಾಕ್ಷಿಗೆ ಜೊತೆಯವರು ಯಾರೂ ಬರಲಿಲ್ಲ; ಅವರದೂ ಹೊಟ್ಟೆಪಾಡು. ಉಳಿದವನು ನಾನೊಬ್ಬ. ತಾನು ಮನೆಗೆ ಬರುತ್ತಿದ್ದ ಹೊತ್ತನ್ನಷ್ಟೇ ಹೇಳಿ, ಬೇರೇನೂ ಬೇಡ ಎಂದು ಮಗಳು ಮೂರು ಸಲ ಹೇಳಿಕೊಟ್ಟಿದ್ದಳು.

ಅಧಿಕಾರಿಯ ಕೋಣೆಯಲ್ಲಿ ನಾನು ಹೊತ್ತು ಹೇಳಿದೆ. ಅವರು ಬರೆದುಕೊಂಡರು. ಅಲ್ಲಿಗೆ ಎದ್ದು ಬಂದಿದ್ದರೆ ಆಗುತ್ತಿತ್ತು. ಕಂಪನಿಯ ವಕೀಲ ಮೆತ್ತಗೆ, ಕೆಲಸ ಸರಿಯಾಗಿ ಬಾರದವರಿಗೆ ಮುಗಿಸುವಷ್ಟರಲ್ಲಿ ಹೊತ್ತಾಗುತ್ತದೆ, ಅದಕ್ಕೆ ಕಂಪನಿ ಏನು ಮಾಡಬೇಕು ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಕೆಲಸ ಬರದೇ ಇರೋಳ ಕೈಕೆಳಗೆ ಹನ್ನೆರಡು ಜನರನ್ನ ಕೊಡ್ತಾರೇನ್ರೀ?" ಅಂದುಬಿಟ್ಟೆ.

ವಕೀಲ ಪೆನ್ನಿಗೆ ಕ್ಯಾಪ್ ಹಾಕಿದ. "ನನಗಿಷ್ಟೇ ಸಾಕು ಸಾರ್."

ಆಡಿದ್ದೇನೆಂದು ನನಗೆ ಆಗ ಹೊಳೆಯಿತು. ಅದು ಸುಳ್ಳು ಸ್ವಾಮಿ, ಬಾಯಿಗೆ ಬಂದದ್ದು ಆಡಿಬಿಟ್ಟೆ ಎಂದು ಕೈ ಮುಗಿದೆ. ಹಾಗಾದರೆ ನೀವು ಹೇಳಿದ ಹೊತ್ತನ್ನಾದರೂ ಹೇಗೆ ನಂಬಲಿ ಎಂದು ಅಧಿಕಾರಿ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬರೆದುಕೊಂಡದ್ದರ ಮೇಲೆ ಅಡ್ಡಗೆರೆ ಎಳೆದರು. ಮಧ್ಯಾಹ್ನದ ಹೊತ್ತಿಗೆ ದೂರು ವಜಾ ಆಯಿತು.

ಹೊರಗೆ ಬಂದವನು ಮೆಟ್ಟಿಲ ಮೇಲೆ ಕೂತೆ. ಮಗಳು ಬಾಯಿಗೆ ಬಂದಂತೆ ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಪಕ್ಕದಲ್ಲೇ ಕೂತು ಫೈಲನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನೀವು ಅಂಗಡೀಲಿ ಹಾಗೆಲ್ಲ ಹೇಳ್ಕೊಳ್ತಿದ್ದದ್ದು ನನಗೆ ಗೊತ್ತಿತ್ತಪ್ಪ," ಅಂದಳು. "ನಾನೇ ಬೇಡ ಅನ್ನಬೇಕಿತ್ತು. ಆಫೀಸಲ್ಲಿ ಯಾರೂ ನನ್ನ ಬಗ್ಗೆ ಒಂದು ಒಳ್ಳೆ ಮಾತು ಆಡ್ತಿರಲಿಲ್ಲ. ನೀವು ಹೇಳೋದು ಕೇಳೋಕೆ ಚೆನ್ನಾಗಿರ್ತಿತ್ತು."